ಊದಿ ಖಾಲಿ ಮಾಡಿದ ಮೊಟ್ಟೆ

ಸಂಜೆ ಐದಕ್ಕೆ ಹಿಡಿದ ಮಳೆ ಆರಾದರೂ ಬಿಡಲಿಲ್ಲ. ಕರೆಂಟೂ ಹೋಯಿತು. ಮ್ಯೂಸಿಯಂನ ಹಕ್ಕಿ ಕೋಣೆಯಲ್ಲಿ ಮೂವರು ಸಿಕ್ಕಿಹಾಕಿಕೊಂಡರು: ಆ ಕೋಣೆಯ ಹೊಣೆ ಹೊತ್ತ ಮೇಡಂ, ಕಾವಲುಗಾರ, ಮತ್ತೆ ಹತ್ತಿತಾತ. ಹತ್ತಿತಾತ ಅಂದರೆ ನಲವತ್ತು ವರ್ಷ ಇದೇ ಕೋಣೆಯಲ್ಲಿ ಸತ್ತ ಹಕ್ಕಿಗಳ ಚರ್ಮದೊಳಗೆ ಹತ್ತಿ ತುಂಬಿ, ಗಾಜಿನ ಕಣ್ಣಿಟ್ಟು ನಿಲ್ಲಿಸಿದವನು. ನಿವೃತ್ತನಾದ ಮೇಲೂ ವಾರಕ್ಕೊಮ್ಮೆ ಬಂದು, ಧೂಳು ಹೊಡೆದಿಲ್ಲ ಅಂತ ಎಲ್ಲರಿಗೂ ಬೈದು ಹೋಗುತ್ತಿದ್ದ.

ಅವತ್ತು ಮೇಡಂ ಕಿವಿಗೆ ಬೈಗುಳವೂ ಬೀಳಲಿಲ್ಲ. ಅವಳ ಬ್ಯಾಗಿನಲ್ಲೊಂದು ವರದಿ ಇತ್ತು: ಊರಾಚೆಯ ಜೌಗಿನಲ್ಲಿ ಯಾವ ಹಕ್ಕಿಯೂ ಗೂಡು ಕಟ್ಟಿಲ್ಲ, ಮಣ್ಣು ತುಂಬಲು ಅಡ್ಡಿಯಿಲ್ಲ. ಕಳೆದ ವಾರ ಮೊಣಕಾಲುದ್ದ ನೀರಲ್ಲಿ ನಿಂತು ಅವಳೇ ಎರಡು ಗೂಡು ಕಣ್ಣಾರೆ ನೋಡಿದ್ದಳು. "ಬರೆದುಕೊಟ್ಟುಬಿಡಮ್ಮ, ನಿನ್ನ ಕೆಲಸವೂ ಕಾಯಂ ಆಗುತ್ತೆ" ಅಂದಿದ್ದರು ದೊಡ್ಡ ಸಾಹೇಬರು. ಬರೆದಿದ್ದಳು. ಬೆಳಿಗ್ಗೆ ಕೊಡಬೇಕಿತ್ತು.

"ತಾತ, ಈ ಕೋಣೇಲಿ ದೆವ್ವ ಇದೆ ಅಂತಾರಲ್ಲ, ಹೌದಾ?" ಅಂತ ಕಾವಲುಗಾರ ಕೆಣಕಿದ.

"ಯಾವನೋ ಅಂದವನು?" ತಾತ ಗುರ್ ಅಂದ. ಆಮೇಲೆ ಸ್ಟೂಲು ಎಳೆದುಕೊಂಡು ಕೂತ. "ಹಲ್ಲು ಕಿರೀಬೇಡ, ಕೇಳು. ನೀನೂ ಕೇಳಮ್ಮ...

"ರೈಲ್ವೆ ಗೇಟಿನ ಆಚೆ ಈಗ ಗೋಡೌನು ಸಾಲಾಗಿ ನಿಂತಿವೆಯಲ್ಲ, ಅಲ್ಲಿ ಆಗ ನೆಲವೇ ಇರ್ಲಿಲ್ಲ ಕಣಪ್ಪ. ಎಲ್ಲಾ ಜೌಗು. ಆಳೆತ್ತರದ ಜೊಂಡು, ಕಾಲಿಟ್ರೆ ಸೊಂಟದ ತನಕ ಕೆಸರು. ಊರಿನ ಮಳೆನೀರೆಲ್ಲ ಅಲ್ಲಿಗೇ ಹೋಗಿ ನಿಲ್ಲೋದು, ಒಬ್ಬರ ಮನೆಗೂ ನುಗ್ತಿರ್ಲಿಲ್ಲ. ಈಗ ನೋಡು, ಇಷ್ಟು ಮಳೆಗೇ ಬೀದಿ ತುಂಬಾ ನೀರು! ಅಲ್ಲಿ ಕೆಂಪು ಕಾಲಿನ ಜೊಂಡುಹಕ್ಕಿ ಇತ್ತು, ಕೊನೆಗೆ ಒಂದೇ ಜೋಡಿ ಉಳೀತು. ಅದು ಮರಿ ಮಾಡಿದ್ರೆ ಜೌಗು ಮುಚ್ಚೋ ಹಾಗಿಲ್ಲ ಅಂತ ಮೇಲಿನವರ ಆರ್ಡರು. ಗೂಡು ಇದೆಯಾ ಅಂತ ನೋಡೋಕೆ ಬರೋ ತನಿಖೆಗೆ ಇನ್ನೊಂದು ವಾರ ಇದೆ ಅನ್ನೋವಾಗ ನಾನೇನು ಮಾಡಿದೆ ಗೊತ್ತಾ? ಹೋಗಿ ಆ ಗೂಡಿನಲ್ಲಿದ್ದ ಒಂದೇ ಒಂದು ಮೊಟ್ಟೆ ಎತ್ಕೊಂಡು ಬಂದೆ! ಯಾಕೆ ಅಂತೀಯಾ? ಈ ಡ್ರಾಯರಿನಲ್ಲಿ ಎಲ್ಲಾ ಜಾತಿ ಮೊಟ್ಟೆ ಇತ್ತು, ಅದೊಂದನ್ನ ಇಡೋ ಗುಂಡಿ ಮಾತ್ರ ಖಾಲಿ ಇತ್ತು. ಕಣ್ಣಿಗೆ ಚುಚ್ತಿತ್ತು ನಂಗೆ. ಹುಚ್ಚು ಅಂದ್ರೆ ಹುಚ್ಚು...

"ಮೊಟ್ಟೆ ಕೆಡದೆ ಉಳೀಬೇಕಂದ್ರೆ ಪಕ್ಕದಲ್ಲಿ ತೂತು ಕೊರೆದು, ಕೊಳವೆ ಇಟ್ಟು ಊದಿ, ಒಳಗಿನದ್ದನ್ನ ಖಾಲಿ ಮಾಡ್ಬೇಕು. ಕೈಗೆ ತಗೊಂಡೆ, ಇನ್ನೂ ಬೆಚ್ಚಗಿತ್ತು. ಆಗ... ಟಕ್. ಟಕ್ ಟಕ್. ಒಳಗಿಂದ ಬಡೀತಿದೆ! ಮರಿ ಹೊರಗೆ ಬರೋಕೆ ಹೊರಟಿತ್ತು. ಓಡಿಹೋಗಿ ಗೂಡಲ್ಲಿ ಇಟ್ಟಿದ್ರೆ ಅದೂ ಉಳೀತಿತ್ತು, ಜೌಗೂ ಉಳೀತಿತ್ತು. ಗೊತ್ತಿತ್ತಮ್ಮ ನಂಗೆ. ಗೊತ್ತಿದ್ದೂ ಕೊರೆದೆ. ಇದೇ ಬಾಯಲ್ಲಿ ಊದಿದೆ. ಬರಲಿಲ್ಲ ಅಂತ ಕೊಕ್ಕೆ ಹಾಕಿ ಚೂರು ಚೂರಾಗಿ ಎಳೆದೆ. ಪಾಪಿ ನಾನು.

"ತನಿಖೆಗೆ ಬಂದ ಸಾಹೇಬರು 'ಗೂಡು ಇದೆಯೇನಯ್ಯಾ?' ಅಂದ್ರು. 'ಇದೆ ಸ್ವಾಮಿ, ಖಾಲಿ' ಅಂದೆ. ಸುಳ್ಳೇನಲ್ಲವಲ್ಲ! ಮಾರನೇ ದಿನವೇ ಮಣ್ಣಿನ ಲಾರಿ ಬಂತು. ತಾಯಿಹಕ್ಕಿ ಮೂರು ದಿನ ಲಾರಿಗಳ ಮೇಲೆ ಸುತ್ತಿ ಸುತ್ತಿ ಕೂಗಿತು. ನಾಲ್ಕನೇ ದಿನ ಕೂಗಲಿಲ್ಲ. ಅವತ್ತು ಸಂಜೆ ಡ್ರಾಯರಿನೊಳಗೆ ಶುರುವಾಯ್ತು... ಟಕ್ ಟಕ್.

"ಖಾಲಿ ಮೊಟ್ಟೆ ಕಣೋ, ಉಫ್ ಅಂದ್ರೆ ಹಾರಿಹೋಗೋಷ್ಟು ಹಗುರ! ಕಿವಿಗೆ ಹಿಡಿದೆ, ಒಳಗಿಂದಲೇ ಬಡೀತಿದೆ. ಹೆಂಡ್ತೀನ ಕರೆಸಿ ಕೇಳಿಸಿದ್ರೆ 'ನಿಮಗೆ ತಲೆ ಕೆಟ್ಟಿದೆ' ಅಂದ್ಳು. ಯಾರ ಕಿವಿಗೂ ಬೀಳಲಿಲ್ಲ, ಒಬ್ಬರನ್ನ ಬಿಟ್ಟು. ಆ ತನಿಖೆ ಸಾಹೇಬರು ಎಷ್ಟೋ ಕಾಲದ ಮೇಲೆ ಒಂದಿನ ಈ ಕೋಣೆಗೆ ಬಂದ್ರು. ಬಾಗಿಲಲ್ಲೇ ನಿಂತು 'ಯಾರಯ್ಯ ಬಡೀತಿರೋದು?' ಅಂದ್ರು. ಮುಖ ಬಿಳಿಚಿಕೊಂಡಿತು. ನಾನು ಮೊಟ್ಟೆ ಎತ್ತಿದ್ದು ತನಿಖೆ ದಿನವೇ ಅವರಿಗೆ ಗೊತ್ತಿತ್ತಂತೆ. ಬಾಯಿ ಬಿಡಲಿಲ್ಲವಂತೆ..."

ಕಾವಲುಗಾರನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಡ್ರಾಯರ್ ಎಳೆದ, ತೂತಿದ್ದ ಮೊಟ್ಟೆಯ ಹತ್ತಿರ ಕಿವಿ ಕೊಟ್ಟ. "ಏನೂ ಇಲ್ಲ ತಾತ! ಚೆನ್ನಾಗಿ ಬುರುಡೆ ಬಿಡ್ತೀಯ" ಅಂತ ನಕ್ಕ.

"ಸರಿಯಾಗಿ ಕೇಳಯ್ಯ," ಮೇಡಂ ಕೂತಲ್ಲಿಂದಲೇ ಅಂದಳು. "ಇಷ್ಟು ಜೋರಾಗಿ ಬಡೀತಿದೆ, ನನಗೆ ಇಲ್ಲಿಗೇ ಕೇಳಿಸ್ತಿದೆ."

ಕಾವಲುಗಾರನ ನಗು ನಿಂತಿತು. ಅವನು ಇಬ್ಬರ ಮುಖವನ್ನೂ ನೋಡಿದ. ಹತ್ತಿತಾತ ಬೈಯಲಿಲ್ಲ. ಸ್ಟೂಲನ್ನು ಅವಳ ಹತ್ತಿರ ಸರಿಸಿ ಮೆಲ್ಲಗೆ ಕೇಳಿದ: "ಯಾವ ಜೌಗು ತಾಯಿ ನಿಂದು? ಮಣ್ಣು ಹಾಕಿ ಆಯ್ತಾ... ಇನ್ನೂ ಇಲ್ವಾ?"