ಎರಡು ಚುಕ್ಕಿಗೆ ಸಿಕ್ಕ ಗಾಡಿ

ಹೆಸರು ಅರ್ಪಿತ, ಗಂಡ ಬಸವಪ್ರಸಾದ್, ವಯಸ್ಸು 22 ವರ್ಷ, ಓದು ನಾಲ್ಕನೇ ತರಗತಿ, ಹೊಲಿಗೆ ಕೆಲಸ, ವಾಸ ಮೂಗೂರು, ತಿ. ನರಸೀಪುರ ತಾಲ್ಲೂಕು. ನಮ್ಮ ದೂರಿನ ಬಗ್ಗೆ ಈ ಮೂಲಕ ತಿಳಿಸುವುದೇನೆಂದರೆ,

ದಿನಾಂಕ 02-10-2025ರ ವಿಜಯದಶಮಿಯಂದು ಸಂಜೆ ಸುಮಾರು 5.40ಕ್ಕೆ ನಾನು ಮತ್ತು ನನ್ನ ಅತ್ತೆ ಮಲ್ಲಾಜಮ್ಮ ಹೊಲದಿಂದ ಮನೆಗೆ ಬರುತ್ತಿದ್ದೆವು. ಅತ್ತೆ ಹತ್ತು ಅಡಿ ಮುಂದಿದ್ದರು. ಬಿರ್ನೆ ಬಾ ಕಣವ್ವ, ದನ ಕಾಯ್ತಾ ಇರ್ತವೆ ಎಂದು ಅವರು ನನಗೆ ಹೇಳುತ್ತಿದ್ದಾಗ, ಹಿಂದಿನಿಂದ ಬಂದ ಬಿಳಿ ಗೂಡ್ಸ್ ಗಾಡಿ ಅವರಿಗೆ ಗುದ್ದಿ ನಿಲ್ಲದೆ ಹೋಯಿತು. ಆಸ್ಪತ್ರೆ ಸೇರುವ ಮುಂಚೆಯೇ ಅತ್ತೆ ತೀರಿಕೊಂಡರು.

ಗಾಡಿಯ ಹಿಂದಿನ ನಂಬರ್ ಪ್ಲೇಟಿನ ಮೇಲೆ ಆಯುಧಪೂಜೆಯ ಚೆಂಡುಹೂವಿನ ಹಾರ ಇಳಿಬಿದ್ದಿತ್ತು. ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲಿನ 4, ಕೊನೆಯ 7 ಮಾತ್ರ ಕಂಡವು.

ಪಕ್ಕದ ಮನೆಯ ಮದನ್ ವೇಬ್ರಿಡ್ಜಿನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾರೆ. ತೂಕಕ್ಕೆ ಬಂದ ಗಾಡಿಗಳ ನಂಬರೆಲ್ಲ ಅದರಲ್ಲಿರುತ್ತವೆ. ಮರುದಿನ ಬೆಳಿಗ್ಗೆ ಅವರು 4, ಎರಡು ಚುಕ್ಕಿ, 7 ಎಂದು ಟೈಪ್ ಮಾಡಿ ಹುಡುಕಿದರು. ಕಾಣ್ದಿರೋ ಒಂದೊಂದು ಅಂಕಿಗೆ ಒಂದೊಂದು ಚುಕ್ಕಿ ಆಕುದ್ರೆ ಸಾಕು ಕಣಕ್ಕ, ಅಲ್ಲಿ ಯಾವ ಅಂಕಿ ಇದ್ರೂ ಇಡ್ಕೊಡ್ತದೆ ಎಂದರು. ಒಂದೇ ಬಿಳಿ ಗೂಡ್ಸ್ ಗಾಡಿ ಸಿಕ್ಕಿತು, 4527. ತಾಂಡವಪುರದ ನಿಂಗರಾಜು ಅವರದು. ಅತ್ತೆಯನ್ನು ಮಣ್ಣು ಮಾಡುವ ಮುಂಚೆಯೇ ನನ್ನ ಗಂಡ ಆ ನಂಬರನ್ನು ಪೊಲೀಸರಿಗೆ ಕೊಟ್ಟರು. ಅಂದು ಸಂಜೆ ನಿಂಗರಾಜು ಅವರನ್ನು ಬಂಧಿಸಿ ಗಾಡಿಯನ್ನು ಠಾಣೆಗೆ ತಂದರು.

ಗಾಡಿ ಗುರುತಿಸಲು ಕರೆದಿದ್ದರಿಂದ ಇಂದು ಬೆಳಿಗ್ಗೆ 10 ಗಂಟೆಗೆ ಠಾಣೆಗೆ ಬಂದೆನು. ಗಾಡಿ ಬಿಳಿ ಬಣ್ಣದ್ದೇ. ಆದರೆ ಪ್ಲೇಟಿನ ಮೇಲೆ ಹಳೆಯ ಧೂಳು ಕದಲದೆ ಕೂತಿತ್ತು. ಕುಂಕುಮದ ಗುರುತಿಲ್ಲ, ಹಾರ ಕಟ್ಟಿದ ದಾರದ ತುಂಡೂ ಇಲ್ಲ. ಗೇಟಿನ ಬಳಿ ಕೂತಿದ್ದ ನಿಂಗರಾಜು ಅವರ ತಾಯಿ ವೆಂಕಟಮ್ಮನವರನ್ನು, ಗಾಡಿಗೆ ಪೂಜೆ ಮಾಡಲಿಲ್ಲವೇ ಎಂದು ಕೇಳಿದೆನು. ನಮ್ಮೆಜಮಾನ್ರು ತೀರೋಗಿ ಮೂರ್ ತಿಂಗ್ಳಾಯ್ತು, ವರ್ಸ ತುಂಬೋಗಂಟ ನಮ್ಗೆ ಅಬ್ಬ ಇಲ್ಲ ಕಣವ್ವ, ಗಾಡಿಗೆ ಒಂದೆಸಳು ಊವ ಆಕಿಲ್ಲ ಎಂದರು. ನಾವು ಲಿಂಗಾಯತರು, ನಮ್ಮಲ್ಲಿ ಸೂತಕವಿಲ್ಲ. ಹಾಗಾಗಿ ಎಲ್ಲ ಗಾಡಿಗೂ ಪೂಜೆ ಆಗಿರುತ್ತದೆಂದು ತಿಳಿದು, ಹೂವಿನ ಬಗ್ಗೆ ಯಾರೂ ವಿಚಾರಿಸಿರಲಿಲ್ಲ.

ಮದನ್ ಅವರಿಗೆ ಫೋನ್ ಮಾಡಿದೆನು. ಎರಡು ಚುಕ್ಕಿ ಜಾಗ್ದಲ್ಲಿ ನೂರು ನಂಬರ್ ಕೂರ್ತವೆ ಕಣಕ್ಕ, ನಮ್ತಾವ ತೂಕಕ್ಕೆ ಬಂದಿದ್ದು ಅದೊಂದೇಯ ಎಂದರು.

ಗಂಡ ನನ್ನನ್ನು ಪಕ್ಕಕ್ಕೆ ಕರೆದು, ಸಿಕ್ಕಿರೋನ್ನೂ ಬುಡಿಸ್ಬುಟ್ರೆ ನಮ್ಮವ್ವಂಗೆ ಯಾರು ನ್ಯಾಯ ಕೊಡ್ತಾರೆ, ಸುಮ್ಕಿರು ಎಂದರು. ನಾನು ಹೇಳಿಕೆ ಕೊಡಲು ಒಳಗೆ ಬಂದೆನು. ಅವರು ಬಂದಿಲ್ಲ.

ಅತ್ತೆಗೆ ಗುದ್ದಿದ ಗಾಡಿ ಇದಲ್ಲ. ಅದು ಯಾವುದೆಂದು ನನಗೆ ಗೊತ್ತಿಲ್ಲ. ನಿಂಗರಾಜು ಅವರನ್ನು ಅವರ ತಾಯಿಯ ಜೊತೆ ಕಳಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ. ಯಾರೂ ಹೇಳಿಕೊಟ್ಟಿದ್ದಲ್ಲ.

ಸ್ಥಳ: ತಿ. ನರಸೀಪುರ
ದಿನಾಂಕ: 04-10-2025
ಸಹಿ: ಅರ್ಪಿತ