ಮೊಣಕಾಲಿನ ಮಾತ್ರೆ

ಪ್ರಾಣಿಗಳ ಕಿಡ್ನಿ ತಜ್ಞರ ಕೋಣೆಯ ಹೊರಗೆ ನಾನು ಬೆಕ್ಕಿನ ಬುಟ್ಟಿ ಹಿಡಿದು ಕೂತಿದ್ದೆ. ಎದುರಿನ ಬೆಂಚಿನಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದರು. ಅವರ ಮುದಿ ನಾಯಿ ಹೆಂಡತಿಯ ತೊಡೆಯ ಮೇಲೆ ಕಣ್ಣು ಮುಚ್ಚಿ ಮಲಗಿತ್ತು.

“ರೀ, ಈ ಡಾಕ್ಟರಿಗಾದ್ರೂ ಆ ಮಾತ್ರೆ ವಿಷಯ ಹೇಳಿ.”

“ಯಾವ ಮಾತ್ರೆ?”

“ನಿಮ್ಮ ಮೊಣಕಾಲು ನೋವಿಂದು. ಇದು ಕುಂಟ್ತಿದೆ ಅಂತ ವಾರವಿಡೀ ಬ್ರೆಡ್ಡಲ್ಲಿಟ್ಟು ತಿನ್ನಿಸಿದ್ರಲ್ಲ.”

“ನನಗೆ ಒಗ್ಗಿದ್ದು ಅದಕ್ಕೂ ಒಗ್ಗುತ್ತೆ ಅಂದ್ಕೊಂಡೆ.”

“ನಿಮ್ಮ ಎರಡು ಕಾಲಿಗೆ ಒಂದು, ಇದರ ನಾಲ್ಕು ಕಾಲಿಗೆ ಎರಡು. ಆಹಾ, ಏನು ತಲೆ ರೀ ನಿಮ್ಮದು!”

“ಮೆಲ್ಲಗೆ ಮಾತಾಡೇ, ಜನ ಇದ್ದಾರೆ.”

“ಬೀದಿಗೆಲ್ಲ ಔಷಧಿ ಹೇಳೋವಾಗ ಜನ ಬೇಕಾಗಿತ್ತು.”

“ಮೊದಲಿನ ಡಾಕ್ಟರ ಹತ್ರ ಏನೂ ಕೊಟ್ಟಿಲ್ಲ ಅಂದ್ಬಿಟ್ಟಿದ್ದೀನಿ. ಈಗ ಹೇಗೆ ಹೇಳಲಿ?”

“ಅದಕ್ಕೇ ಕಿಡ್ನಿ ಯಾಕೆ ಕೆಟ್ಟಿದೆ ಅಂತ ತಿಳೀದೆ ಅವರು ಇಲ್ಲಿಗೆ ಕಳಿಸಿದ್ದು. ನೀವು ಮಾನ ಉಳಿಸ್ಕೊಳ್ಳಿ, ಇದು ಪ್ರಾಣ ಬಿಡಲಿ.”

ಒಳಗಿಂದ ಕರೆದರು.

“ನೀನೇ ಹೇಳಿಬಿಡೇ.”

“ನಾನು ನಾಯಿ ಹಿಡ್ಕೋತೀನಿ. ನೀವು ಬಾಯಿ ಬಿಡಿ.”

ಆಕೆ ನಾಯಿಯನ್ನೆತ್ತಿಕೊಂಡು ನಡೆದರು. ಯಜಮಾನರು ಬಾಗಿಲ ಬಳಿ ಒಂದು ಗಳಿಗೆ ನಿಂತರು. ಆಮೇಲೆ ಜೇಬಿನಿಂದ ಆ ಮಾತ್ರೆಯ ಖಾಲಿ ಸ್ಟ್ರಿಪ್ ತೆಗೆದು, ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದರು.