ಹನ್ನೊಂದು ಸಪ್ತಮಿಗಳ ಭಾಷೆ

...ಆಣೆ ಮಾಡಿ ಹೇಳ್ತೀನಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇಕಾದ್ರೆ ಈ ಅಂಟಿನ ಡಬ್ಬಿ ಮುಟ್ಟಿ ಹೇಳಲಾ? ನಗ್ತೀಯಾ? ನಗು, ನಗು. ನಿಮ್ಮಮ್ಮನೂ ಹೀಗೇ ಕಿಸಕ್ಕನೆ ನಗ್ತಿದ್ದಳು. ಈಗ ನೋಡಿದ್ರೆ, ಅಂಗಡಿ ಬೀಗದಕೈ ಇಸ್ಕೊಂಡು ಬಾ ಅಂತ ಮಗಳನ್ನೇ ಕಳಿಸಿದ್ದಾಳೆ. ನನ್ನ ಸ್ವಂತ ಅಕ್ಕ. ಯಾಕಂತೆ? ಒಂದು ಪುಸ್ತಕ ತಲೆಕೆಳಗಾಗಿ ಬೈಂಡ್ ಆಯ್ತಂತೆ. ಒಂದೇ ಒಂದು... ಸರಿ, ಮೂರು. ಮೂವತ್ತು ವರ್ಷದಲ್ಲಿ ಮೂರು. ಹೂಂ, ಮೂರೂ ಈ ವರ್ಷದ್ದೇ, ಗೊತ್ತು. ಅಂಗಡಿಯಲ್ಲಿ ಹಾಳೆ ಮಡಿಸೋ ಕೆಲಸದ ಅಕ್ಕ ರಜೆ ಹಾಕಿದ ದಿನಗಳು ಅವು. ದೂರು ಹೇಳಿದ ಆ ವಕೀಲರು ಪುಸ್ತಕ ತಿರುಗಿಸಿ ಹಿಡ್ಕೊಂಡಿದ್ರೆ ಮುಗೀತಿತ್ತು. ಅಷ್ಟಕ್ಕೆ ನನ್ನನ್ನ ಮನೇಲಿ ಕೂರಿಸಬೇಕಾ?

ಬೀಗದಕೈ ಆಮೇಲೆ. ಮೊದಲು ಭಾಷೆ ವಿಷಯ ಕೇಳು. ಹತ್ತು ವರ್ಷದವನಿದ್ದಾಗ ಇಡೀ ಒಂದು ಭಾಷೆಯನ್ನ ಒಬ್ಬನೇ ಕೂತು ಕಟ್ಟಿದವನು ನಿನ್ನ ಮಾವ. ಸ್ಕೂಲಲ್ಲಿ, ವ್ಯಾಕರಣದಲ್ಲಿ, ನಿಂಗೆ ಎಷ್ಟು ಸಪ್ತಮಿ ವಿಭಕ್ತಿ ಕಲಿಸಿದ್ರು? ಒಂದು. ಮೇಜಿನಲ್ಲಿ, ಮನೆಯಲ್ಲಿ, ಊರಿನಲ್ಲಿ... ಎಲ್ಲಕ್ಕೂ ಅದೇ 'ಅಲ್ಲಿ'. ಅಲ್ಲಿ ಅಂದ್ರೆ ಎಲ್ಲಿ? ಮನುಷ್ಯ ಹುಡುಕಿ ಹುಡುಕಿ ಸಾಯಬೇಕು. ನನ್ನ ಭಾಷೆಯಲ್ಲಿ ಹನ್ನೊಂದು ಸಪ್ತಮಿ. ಈ ಹೊಲಿಯೋ ದಬ್ಬಣ ಇದೆಯಲ್ಲ, 'ದಬ್ಬಣ-ಟು' ಅಂದ್ರೆ ಬಲಗೈಗೆ ಒಂದು ಗೇಣು ದೂರದಲ್ಲಿದೆ. 'ದಬ್ಬಣ-ಮಿ', ಯಾವುದರದೋ ಅಡಿಗೆ ಸೇರ್ಕೊಂಡಿದೆ. 'ದಬ್ಬಣ-ಝೂ', ಮೇಜಿನ ಅಂಚಿನಲ್ಲಿದೆ, ಮುಟ್ಟಿದ್ರೆ ಬಿತ್ತು. 'ದಬ್ಬಣ-ಪೆ', ಇನ್ನೊಬ್ಬರ ಕೈಯಲ್ಲಿದೆ.

ಹಾಳೆ ಮಡಿಸೋ ಅಕ್ಕ ಎರಡೇ ವಾರದಲ್ಲಿ ಕಲಿತುಬಿಟ್ಟಳು. 'ಅಂಟು-ಝೂ' ಅಂತ ಅವಳು ಕೂಗಿದ್ರೆ ಸಾಕು, ನನ್ನ ಮೊಣಕೈ ತಾನಾಗೇ ಹಿಂದಕ್ಕೆ ಬರುತ್ತೆ. ಹೋದ ತಿಂಗಳು ಒಬ್ಬ ಭಾಷಾಶಾಸ್ತ್ರದ ಪ್ರೊಫೆಸರು ಪ್ರಬಂಧ ಬೈಂಡ್ ಮಾಡಿಸೋಕೆ ಬಂದವರು, ನಮ್ಮಿಬ್ಬರ ಮಾತು ಕೇಳಿ, ಕಟ್ಟನ್ನ ಹಾಗೇ ಕಂಕುಳಲ್ಲಿಟ್ಟುಕೊಂಡು ವಾಪಸ್ ಹೋದ್ರು. 'ಮತ್ತೆ ಮೊದಲಿಂದ ಬರೀತೀನಿ' ಅಂದ್ರು ಪಾಪ. ಮತ್ತೆ ಯಾಕೆ ನಗ್ತೀಯಾ?

ಸರಿ, ಈಗ ಪರೀಕ್ಷೆ. ಕತ್ತರಿ ಎಲ್ಲಿದೆ? ...ಯಾಕೆ ಸುಮ್ಮನಾದೆ? ಬೆರಳು ಗಿರಳು ತೋರಿಸಿದ್ರೆ ನಡೆಯಲ್ಲ, ಬಾಯಲ್ಲಿ ಹೇಳು. ...ಕತ್ತರಿ-ಟು ಅಂದ್ಯಾ? ಭೇಷ್. ನಮ್ಮ ವಂಶದ್ದೇ ತಲೆ.

ಇರು, ಈ ಕಟ್ಟು ಹೊಲಿದು ಮುಗಿಸಿಬಿಡ್ತೀನಿ. ಕಣ್ಣಾರೆ ನೋಡಿ ಹೋಗಿ ನಿಮ್ಮಮ್ಮನಿಗೆ ಹೇಳು, ಮಾವನ ಕೈ ಕೈಯಲ್ಲ, ಯಂತ್ರ ಅಂತ. ದಬ್ಬಣ... ದಬ್ಬಣ-ಟು. ಈಗಷ್ಟೇ ಇಟ್ಟಿದ್ದೆ. ಇಲ್ಲೇ... ಇಲ್ವಲ್ಲ. ದಬ್ಬಣ-ಮಿ? ರಟ್ಟಿನ ಅಡಿಗೂ ಇಲ್ಲ. ಪುಟ್ಟಿ, ದಬ್ಬಣ ನೋಡಿದ್ಯಾ?

ಪುಟ್ಟಿ?

ಎದ್ದು ಹೋದೆಯಾ? ಬಾಗಿಲು ಕಿರ್ ಅನ್ನಲಿಲ್ಲವಲ್ಲ. ಉಸಿರು ಕೇಳ್ತಿದೆ, ಇಲ್ಲೇ ಇದ್ದೀಯ. ಏನಾದ್ರೂ ಹೇಳೇ...

ಓ. ದಬ್ಬಣ-ಪೆ. ನಿನ್ನ ಕೈಯಲ್ಲಿ.

ನನ್ನ ಮೂಗಿನ ಮುಂದೇ ಹಿಡ್ಕೊಂಡು ಕೂತಿದ್ದೀಯಾ? ಎಷ್ಟು ಹೊತ್ತಾಯ್ತು?

...ಅಳಬೇಡ, ಹಾಳೆ ಒದ್ದೆಯಾಗುತ್ತೆ. ಹೊಲಿಗೆ ನೋಡು ಬೇಕಾದ್ರೆ, ಒಂದೂ ಸೊಟ್ಟಗಿಲ್ಲ. ತಲೆ ಯಾವ ಕಡೆ, ಬುಡ ಯಾವ ಕಡೆ ಅಂತ ಹೇಳೋಕೆ ಒಬ್ಬರು ಬೇಕು, ಅಷ್ಟೇ. ಬೀಗದಕೈ ಇದೋ, ತಗೋ. ನಿಮ್ಮಮ್ಮನಿಗೆ ಕೊಡೋದಾದ್ರೆ ಕೊಡು. ಇಲ್ಲ ಅಂದ್ರೆ ನಾಳೆ ಬೆಳಿಗ್ಗೆ ನೀನೇ ಬಂದು ಬಾಗಿಲು ತೆಗೆ. ಇನ್ನೂ ಏಳು ಸಪ್ತಮಿ ಬಾಕಿ ಇದೆ ನಿಂಗೆ.

ಹೇಳಿದ್ದೆಲ್ಲ ನಿಜ ಕಣೇ, ಆ ಪ್ರೊಫೆಸರ್ ಸಮೇತ. ಒಂದೇ ಒಂದು ಚೂರು ನಾನು ಸೇರಿಸಿದ್ದು. ಹತ್ತು ವರ್ಷದವನಿದ್ದಾಗ ಕಟ್ಟಿದ ಭಾಷೆ ಅಂದೆನಲ್ಲ, ಅದು. ಕಟ್ಟಿದ್ದು ಹೋದ ವರ್ಷ. ಎಡಗಣ್ಣೂ ಹೋದ ಮೇಲೆ.